ಕದ ತಟ್ಟಿದವಳು ಯಾರು?

ಮಕ್ಕಳೇ,

ಮೊನ್ನೆ ನಡುರಾತ್ರಿ ಮಹಡಿ ಕೋಣೆಯಿಂದ ಬಂದ ಚೀರಾಟಕ್ಕೆ ಎದೆ ಧಸಕ್ಕೆಂದು ಎದ್ದೆ. ಹಾವು ಬಂತೋ, ಕರೆಂಟು ಹೊಡೆಯಿತೋ ಎಂದು ಮೆಟ್ಟಿಲು ಹತ್ತಿ ಬಂದರೆ ನೀವು ಮೂವರೂ ಒಂದೇ ಕಂಬಳಿ ಹೊದ್ದು ಕಂಪ್ಯೂಟರಿನ ಮುಂದೆ ಮುದುರಿ ಕೂತಿದ್ದಿರಿ. "ಏನಿಲ್ಲ ತಾತ, ಗೇಮು" ಎಂದಿರಿ. ನಾನು ಬೈಯಲಿಲ್ಲ. ಗೊತ್ತಿಲ್ಲದ್ದನ್ನು ಬೈಯುವುದು ಮೇಷ್ಟ್ರ ಕೆಲಸವಲ್ಲ. ಮಾರನೆಯ ರಾತ್ರಿಯಿಂದ ನಿಮ್ಮ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಮೂರು ರಾತ್ರಿ ಕೂತು ನೋಡಿದ ಮೇಲೆ, ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೀರಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

ನಾನು ಗಣಿತ, ವಿಜ್ಞಾನ ಕಲಿಸಿದವನು. ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದರೆ ನಾಲ್ಕು ತಾಲ್ಲೂಕು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ವರ್ಗವಾದಾಗಲೆಲ್ಲ ಟ್ರಂಕು ಹೊತ್ತುಕೊಂಡು ನಾಲ್ಕರಲ್ಲೂ ಇದ್ದು ಬಂದೆ. ನಾಲ್ಕರ ಕತ್ತಲೂ ನನಗೆ ಗೊತ್ತು. ಆದ್ದರಿಂದ ಕತ್ತಲ ಬಗ್ಗೆ ನಿಮಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ನಿಮ್ಮ ಆಟದ ಮಾತು. ಮೈನ್‌ಕ್ರಾಫ್ಟ್ ಎಂದರೆ ಇಟ್ಟಿಗೆ ಜೋಡಿಸುವ ಮಕ್ಕಳಾಟ ಎಂದೇ ನಾನು ತಿಳಿದಿದ್ದೆ. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ಒಬ್ಬನೇ ಕೂತು ಶುರು ಮಾಡಿದ್ದು, 2011ರ ನವೆಂಬರಿನಲ್ಲಿ ಪೂರ್ತಿ ಆಟವಾಗಿ ಹೊರಬಂದದ್ದು, 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದದ್ದು ನಿಮ್ಮಿಂದಲೇ ತಿಳಿಯಿತು. ಆ ಇಟ್ಟಿಗೆಯ ಲೋಕದ ಮೇಲೆ ಯಾರು ಯಾರೋ ಬರೆದ ಸೇರ್ಪಡೆಗಳನ್ನು, ಅಂದರೆ ಮಾಡ್‌ಗಳನ್ನು, ಒಂದು ಗಂಟು ಕಟ್ಟಿ ಹೇರಿದರೆ ಮಾಡ್‌ಪ್ಯಾಕ್. ನಿಮ್ಮದು ಹೆದರಿಸುವ ಗಂಟು. ಕತ್ತಲನ್ನು ಇನ್ನಷ್ಟು ಕಪ್ಪು ಮಾಡುವ ಮಾಡ್ ಒಂದು, ಮಂಜಿನಾಚೆ ನಿಂತು ದಿಟ್ಟಿಸುವವನನ್ನು ತರುವುದು ಒಂದು, ಗುಹೆಯಲ್ಲಿ ಬೆನ್ನಟ್ಟುವುದನ್ನು ತರುವುದು ಇನ್ನೊಂದು. ಇವುಗಳ ನಡುವೆ ಮರ ಕಡಿದು, ಹೊಟ್ಟೆ ತುಂಬಿಸಿಕೊಂಡು, ಸೂರು ಕಟ್ಟಿಕೊಂಡು ಬದುಕಬೇಕು.

ಎರಡನೆಯ ರಾತ್ರಿ ನೀವು ಗುಹೆಗೆ ಇಳಿಯುವಾಗ ಟಾರ್ಚುಗಳನ್ನು ಕೈಗೆ ಬಂದಲ್ಲಿ ನೆಡುತ್ತಾ ಹೋದಿರಿ. ಒಂದು ಕಡೆ ಮೂರು, ಇನ್ನೊಂದು ಕಡೆ ಏನೂ ಇಲ್ಲ. ಹೆದರಿದವನು ಎಣಿಸುವುದಿಲ್ಲ. ನಾನು ಎಣಿಸಿ ಎಂದೆ, ನೆನಪಿದೆಯಾ? ಟಾರ್ಚಿನ ಜಾಗದಲ್ಲಿ ಬೆಳಕು 14. ಒಂದೊಂದು ಬ್ಲಾಕ್ ದೂರ ಹೋದಂತೆ ಒಂದೊಂದು ಕಡಿಮೆ. ಓರೆಯಾಗಿ ಹಾರುವಂತಿಲ್ಲ, ಉದ್ದ ಅಡ್ಡ ಹೆಜ್ಜೆ ಎಣಿಸಬೇಕು. ಹಾಗಾಗಿ ಸಮನೆಲದ ಮೇಲೆ ಬೆಳಕು ದುಂಡಗೆ ಹರಡುವುದಿಲ್ಲ, ಓರೆ ನಿಲ್ಲಿಸಿದ ಚೌಕದಂತೆ ಹರಡುತ್ತದೆ. ನಿಮ್ಮಲ್ಲಿ ಹುಡುಗಿಗೆ ಕೂಡಲೇ ಹೊಳೆಯಿತು: "ತಾತ, ಇದು ನಡುವೆ 27 ಚುಕ್ಕಿ, ಎರಡೂ ಕಡೆ 1ಕ್ಕೆ ಇಳಿಯುವ ರಂಗೋಲಿ!" ಹೌದು, ಅದೇ. ಆ ರಂಗೋಲಿಯ ಚುಕ್ಕಿ ಎಣಿಸಿದರೆ 13ರ ವರ್ಗ 169, 14ರ ವರ್ಗ 196, ಕೂಡಿದರೆ 365. ಒಂದು ಟಾರ್ಚು 365 ಮನೆಗಳಿಗೆ ಸೊನ್ನೆಗಿಂತ ಹೆಚ್ಚು ಬೆಳಕು ಕೊಡುತ್ತದೆ. 2021ರಲ್ಲಿ ಬಂದ 1.18ನೇ ಆವೃತ್ತಿಯಿಂದ ಈಚೆಗೆ ಆಟದ ಮಾಮೂಲಿ ಪಿಶಾಚಿಗಳು ಹುಟ್ಟುವುದು ಬೆಳಕು ಪೂರ್ತಿ ಸೊನ್ನೆಯಾದ ಕಡೆ ಮಾತ್ರ. ಅದಕ್ಕೂ ಹಿಂದಿನ ಆವೃತ್ತಿಯ ಮೇಲೆ ಕಟ್ಟಿದ ಪ್ಯಾಕ್ ಆಡಿದರೆ ಲೆಕ್ಕ ಬೇರೆ. ಅಲ್ಲಿ ಬೆಳಕು 7ಕ್ಕೆ ಇಳಿದರೂ ಹುಟ್ಟುತ್ತವೆ, ಒಂದು ಟಾರ್ಚು ಕಾಯುವುದು ಬರೀ 85 ಮನೆ. ಯಾವ ಆವೃತ್ತಿ ಎಂದು ಮೊದಲು ನೋಡಿಕೊಳ್ಳಿ.

ಈ ಲೆಕ್ಕ ಗೊತ್ತಾದ ಮೇಲೆ ನಿಮ್ಮ ಕೈ ನಡುಗುವುದು ನಿಂತಿತು. ಆದರೆ ಸ್ವಲ್ಪ ಹೊತ್ತಿಗೇ ಮಾಡ್ ತಂದ ಬೇರೊಂದು ಭೂತ ಬಂದು, "ಇದಕ್ಕೆ ಟಾರ್ಚು ಲೆಕ್ಕಕ್ಕಿಲ್ಲ ತಾತ" ಎಂದು ಮತ್ತೆ ಕಂಬಳಿ ಎಳೆದುಕೊಂಡಿರಿ. ಲೆಕ್ಕ ಅದಕ್ಕೂ ಇದೆ. ನಿಮ್ಮ ಗೇಮಿನ ಫೋಲ್ಡರಿನೊಳಗೆ ಕಾನ್ಫಿಗ್ ಎಂಬ ಇನ್ನೊಂದು ಫೋಲ್ಡರು ಇದೆ. ಎಷ್ಟು ಹೊತ್ತಿಗೊಮ್ಮೆ ಬರಬೇಕು, ಎಷ್ಟು ದೂರದಲ್ಲಿ ನಿಲ್ಲಬೇಕು ಎನ್ನುವುದನ್ನೆಲ್ಲ ಬಹುತೇಕ ಮಾಡ್‌ಗಳು ಅಲ್ಲಿ ಅಂಕಿಯಲ್ಲಿ ಬರೆದಿಟ್ಟಿರುತ್ತವೆ. ಒಂದು ಸಲ ತೆರೆದು ಓದಿ. ಓದಿದರೆ ಮಜಾ ಹೋಗುತ್ತದೆ ಎಂದು ದೊಡ್ಡವನು ಗೊಣಗಿದ. ಹೋಗುವುದಿಲ್ಲ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಕಣ್ಣಾರೆ ಕಂಡವನೂ ರಂಗದ ಮೇಲೆ ರಾಕ್ಷಸ ಬಂದಾಗ ಮೈ ಜುಮ್ಮೆಂದು ಕೂರುತ್ತಾನೆ. ಅದು ಹೇಗೆ ಕೆಲಸ ಮಾಡುತ್ತದೆಂದು ಬಲ್ಲವನ ಹೆದರಿಕೆಗೂ ಏನೂ ಅರಿಯದವನ ಹೆದರಿಕೆಗೂ ವ್ಯತ್ಯಾಸವಿದೆ. ಮೊದಲಿನವನು ಆಟ ಮುಗಿಸಿ ನಿದ್ದೆ ಮಾಡುತ್ತಾನೆ.

ಆಟದ ಅತಿ ಹೆಸರುವಾಸಿ ಭೂತ ಕ್ರೀಪರ್ ಹುಟ್ಟಿದ ಬಗೆ ನನಗೆ ಬಹಳ ಹಿಡಿಸಿತು. ಪೆರ್ಸನ್ ಮಾಡಹೊರಟದ್ದು ಹಂದಿ. ಉದ್ದದ ಅಳತೆಯ ಜಾಗಕ್ಕೆ ಎತ್ತರದ ಅಳತೆ ಹಾಕಿಬಿಟ್ಟ. ಹಂದಿ ನೆಟ್ಟಗೆ ಎದ್ದು ನಿಂತು ಬೇರೆಯೇ ಆಯಿತು. ಎಷ್ಟು ಜನರ ಎದೆ ನಡುಗಿಸಿದ ಪ್ರಾಣಿ, ಮೂಲದಲ್ಲಿ ಒಂದು ಲೆಕ್ಕದ ತಪ್ಪು! ಇನ್ನು ಆ ಬಿಳಿಗಣ್ಣಿನ ಹೀರೋಬ್ರೈನ್. 2010ರಲ್ಲಿ ಹಬ್ಬಿದ ಕಥೆಯಲ್ಲದೆ ಅವನು ಮೂಲ ಆಟದಲ್ಲಿ ಎಂದೂ ಇರಲಿಲ್ಲ. ಆಟದ ಕಂಪನಿಯವರು ಎಷ್ಟೋ ಸಲ ಹೊಸ ಆವೃತ್ತಿ ಬಂದಾಗ "ಹೀರೋಬ್ರೈನ್‌ನನ್ನು ತೆಗೆದುಹಾಕಲಾಗಿದೆ" ಎಂದು ತಮಾಷೆಗೆ ಬರೆಯುತ್ತ ಬಂದರು. ಇಲ್ಲದವನನ್ನು ತೆಗೆದುಹಾಕಿದ್ದೇವೆ ಎಂದಾಗ ಜನ ಇನ್ನಷ್ಟು ನಂಬಿದರು. ಈಗ ಮಾಡ್ ಬರೆಯುವವರು ಅವನನ್ನು ನಿಜಕ್ಕೂ ತಂದು ನಿಲ್ಲಿಸಿದ್ದಾರೆ. ಮಾತು ಮೊದಲು, ಭೂತ ಆಮೇಲೆ.

ಇಂಥ ಮಾತನ್ನು ನಂಬುವ ಮೊದಲು ಪರೀಕ್ಷಿಸಿ ನೋಡಿ ಎಂದವರು ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯನ್ನೇ ಮಾಡಿದವರು. ನನ್ನಂಥ ಹಳ್ಳಿ ವಿಜ್ಞಾನ ಮೇಷ್ಟ್ರುಗಳಿಗೆ ಅವರೇ ಬೆನ್ನೆಲುಬು. ಆದರೂ ಒಂದು ರಾತ್ರಿ ಆ ಬೆನ್ನೆಲುಬು ನನ್ನ ಕೈಬಿಟ್ಟಿತು. ಅದನ್ನು ಹೇಳಲೇಬೇಕು.

ಪಾವಗಡ ತಾಲ್ಲೂಕಿನಲ್ಲಿ ನನ್ನ ಮೊದಲ ಕೆಲಸ. ಆಗ ಅಲ್ಲಿನ ರಾತ್ರಿ ಎಂದರೆ ರಾತ್ರಿಯೇ. ಈಗ ತಿರುಮಣಿ ಕಡೆ 13,000 ಎಕರೆಯಲ್ಲಿ ಸೋಲಾರ್ ಹಾಳೆ ಹಾಸಿ 2,050 ಮೆಗಾವಾಟ್ ಬಿಸಿಲನ್ನು ತಂತಿಗೆ ಇಳಿಸುತ್ತಿದ್ದಾರಲ್ಲ, ಅದೇ ಬಯಲುಸೀಮೆ. ನಾನು ಕಡೇ ಬಸ್ಸು ಇಳಿದು ಊರಿಗೆ ಮೂರು ಮೈಲಿ ನಡೆಯುತ್ತಿದ್ದೆ. ಅಮಾವಾಸ್ಯೆ ಹತ್ತಿರ. ಎಡಗಡೆ ಗುಡ್ಡದ ಬುಡದಲ್ಲಿ ಒಂದು ಬೆಂಕಿ ಕಾಣಿಸಿತು. ನಿಂತಿತು, ಮೇಲೆದ್ದಿತು, ಸುತ್ತಿತು, ಆರಿದಂತಾಗಿ ಇನ್ನೊಂದು ಕಡೆ ಹೊತ್ತಿತು. ಕೊಳ್ಳಿದೆವ್ವ! ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದೆಲ್ಲ ಒಮ್ಮೆಗೇ ನೆತ್ತಿಗೇರಿತು. ವಿಜ್ಞಾನದ ಪದವಿ ಚೀಲದಲ್ಲೇ ಉಳಿಯಿತು, ನಾನು ಚಪ್ಪಲಿ ಬಿಟ್ಟು ಓಡಿದೆ.

ಬೆಳಗ್ಗೆ ಚಪ್ಪಲಿ ಹುಡುಕಿಕೊಂಡು ಹೋದಾಗ ಅಲ್ಲೊಂದು ಕುರಿಮಂದೆ ಇತ್ತು. ಕುರಿ ಕಾಯುವ ಮುದುಕ ರಾತ್ರಿಯೆಲ್ಲ ನಿದ್ದೆಗೆಟ್ಟು ಕೆಂಪು ಕಣ್ಣಾಗಿ ಕೂತಿದ್ದ. ತೋಳ ಬಂದಿತ್ತಂತೆ. ಒಲೆಯಿಂದ ಉರಿಯುವ ಕೊಳ್ಳಿ ಕಿತ್ತುಕೊಂಡು ಮಂದೆಯ ಸುತ್ತ ಬೀಸುತ್ತ ಬೆಳಗು ಮಾಡಿದ್ದ. ಎರಡು ಮರಿ ಹೋಗಿದ್ದವು. "ಯಾರೋ ರಸ್ತೇಲಿ ಬಂದ್ರು ಸ್ವಾಮಿ, ಕೂಗಿದೆ, ನಿಲ್ಲಲಿಲ್ಲ" ಎಂದ. ಅವನು ಕೂಗಿದ್ದು ನನ್ನನ್ನೇ. ನನ್ನ ಕಿವಿಗೆ ಅದು ದೆವ್ವದ ಕೂಗಾಗಿ ಕೇಳಿತ್ತು. ಒಬ್ಬ ಮನುಷ್ಯ ತನ್ನ ಬದುಕು ಉಳಿಸಿಕೊಳ್ಳಲು ಸಹಾಯ ಕರೆದಿದ್ದ, ನಾನು ಅವನನ್ನು ದೆವ್ವ ಮಾಡಿ ಓಡಿದ್ದೆ. ಇವತ್ತಿಗೂ ಆ ಎರಡು ಮರಿ ನನ್ನ ಲೆಕ್ಕದಲ್ಲಿವೆ.

ನಿಮ್ಮ ಆಟದಲ್ಲಿ ಒಂದು ಕಡ್ಡಿ, ಒಂದು ಇದ್ದಿಲು ಸೇರಿಸಿದರೆ ನಾಲ್ಕು ಟಾರ್ಚು ಬರುತ್ತದಲ್ಲ, ಅದೇ ಕೊಳ್ಳಿ. ಅದನ್ನು ಹಿಡಿದು ಕತ್ತಲಲ್ಲಿ ಓಡಾಡುವ ನೀವು ದೂರದಲ್ಲಿ ನಿಂತವರಿಗೆ ಏನಾಗಿ ಕಾಣುತ್ತೀರಿ ಎಂದು ಯೋಚಿಸಿದ್ದೀರಾ?

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಮೂರನೆಯ ರಾತ್ರಿ ನೀವು ನಿಮ್ಮದೇ ಪ್ಯಾಕ್ ಕಟ್ಟುವ ಆಸೆ ಹೇಳಿದಿರಿ. ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಬೇರೆಯವರು ಮಾಡಿದ ಭಯಕ್ಕೆ ಚೀರುವುದಕ್ಕಿಂತ ನಮ್ಮ ಭಯವನ್ನು ನಾವೇ ಕಟ್ಟುವುದು ಮೇಲು. ಮಧುಗಿರಿ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆಯಲ್ಲಿ ಕೂದಲು ಕೆದರಿಕೊಂಡ ರಾಣಿಯ ದೆವ್ವ, ಊರೊಳಗೆ ಕದ ತಟ್ಟುವ "ನಾಳೆ ಬಾ" ದೆವ್ವ. ಹಾಳೆ ಮೇಲೆ ಚಿತ್ರವನ್ನೂ ಬರೆದಿದ್ದಿರಿ. ನನ್ನ ಕಿವಿಮಾತು ಇರುವುದು ಆ ಎರಡು ಚಿತ್ರಗಳ ಬಗ್ಗೆ.

"ನಾಳೆ ಬಾ" ಕಾಲದಲ್ಲಿ ನಾನು ಶಿರಾ ತಾಲ್ಲೂಕಿನಲ್ಲಿದ್ದೆ. 90ರ ದಶಕ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಆ ಸುದ್ದಿ ಹಬ್ಬಿತ್ತು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಕದ ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದವರು ಸಾಯುತ್ತಾರೆ. ಕದದ ಮೇಲೆ "ನಾಳೆ ಬಾ" ಎಂದು ಬರೆದರೆ ಓದಿಕೊಂಡು ಹಿಂದಿರುಗುತ್ತದೆ. ಮಾರನೆಯ ದಿನ ಬಂದು ಮತ್ತೆ ಓದುತ್ತದೆ. ನಾನು ಬೆಳಗ್ಗೆ ಶಾಲೆಗೆ ಹೋಗುವಾಗ ಬೀದಿಯುದ್ದಕ್ಕೂ ಕದಗಳ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಲ್ಲಿ ಆ ಎರಡು ಪದ. ಕೆಲವು ಕಡೆ ನನ್ನ ವಿದ್ಯಾರ್ಥಿಗಳದೇ ಅಕ್ಷರ. ಮನೆಯಲ್ಲಿ ಬರೆಯಲು ಬಲ್ಲವರು ಅವರೊಬ್ಬರೇ ಆಗಿದ್ದರು. ಕಥೆಯ ಕಟ್ಟು ಎಷ್ಟು ಚೆಂದ ಎಂದರೆ 2018ರಲ್ಲಿ ಹಿಂದಿಯವರು ಅದರ ಎಳೆ ಹಿಡಿದು "ಸ್ತ್ರೀ" ಸಿನಿಮಾವನ್ನೇ ಮಾಡಿದರು. ನಿಮ್ಮ ಆಟಕ್ಕೂ ಹೇಳಿ ಮಾಡಿಸಿದ್ದು: ಕದದ ಪಕ್ಕ ಫಲಕ ನೆಟ್ಟು ಎರಡು ಪದ ಬರೆಯಬೇಕು, ಬರೆಯಲು ಮರೆತರೆ ಆಯಿತು. ಅಕ್ಷರ ಬಲ್ಲ ದೆವ್ವ, ಅಕ್ಷರವೇ ಕಾವಲು. ಇಂಥ ನಿಯಮ ನೀವು ಇಳಿಸಿಕೊಂಡ ಪ್ಯಾಕಿನಲ್ಲಿ ನನಗೆ ಕಾಣಲಿಲ್ಲ.

ಆದರೆ ಈ ವಯಸ್ಸಿನಲ್ಲಿ ಆ ಕಥೆಯನ್ನು ಕದದ ಆಚೆಯಿಂದ ನೋಡುವುದು ಕಲಿತಿದ್ದೇನೆ. ರಾತ್ರಿ ಹೊರಗೆ ಒಬ್ಬಳು ನಿಂತಿದ್ದಾಳೆ. ಒಳಗೆ ಬರುತ್ತೇನೆ ಎನ್ನುತ್ತಾಳೆ. ಊರಿಗೆ ಊರೇ ನಾಳೆ ಬಾ ಎನ್ನುತ್ತದೆ. ಯಾವ ಮನೆಯಿಂದ ಅವಳು ಹೊರಗಾದಳು? ನಮ್ಮ ಕಡೆ ದೆವ್ವವೆಂದು ಹೆಸರಾದವರ ಪಟ್ಟಿ ಮಾಡಿ ನೋಡಿ: ಬಾವಿಗೆ ಬಿದ್ದ ಸೊಸೆ, ಹೆರಿಗೆಯಲ್ಲಿ ಸತ್ತ ಬಾಣಂತಿ, ಮದುವೆಯಾಗದೆ ಹೋದ ಹುಡುಗಿ. ಬದುಕಿದ್ದಾಗ ಯಾರ ಮಾತನ್ನು ಯಾರೂ ಕೇಳಲಿಲ್ಲವೋ ಅವರೇ ಸತ್ತ ಮೇಲೆ ಹುಣಸೆಮರದ ಮೇಲಿದ್ದಾರೆ.

ಶಿರಾದಲ್ಲಿದ್ದಾಗ ನನ್ನ ತರಗತಿಯಲ್ಲಿ ಗೊಲ್ಲರಹಟ್ಟಿಯ ಹುಡುಗಿಯೊಬ್ಬಳು ತಿಂಗಳು ತಿಂಗಳೂ ಸಾಲಾಗಿ ಐದು ದಿನ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕಿದೆ, ಎರಡು ಸಲ ಗದರಿಸಿದೆ. ಮುಟ್ಟಾದಾಗ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುತ್ತಾರೆ, ಆಗ ಅವಳು ಪುಸ್ತಕ ಮುಟ್ಟುವಂತಿಲ್ಲ ಎಂದು ಸಹೋದ್ಯೋಗಿ ಮೇಡಂ ಹೇಳಿದಾಗ ವರ್ಷವೇ ಮುಗಿದಿತ್ತು. ರಾತ್ರಿ, ಮಳೆ, ಚಿಲಕವಿಲ್ಲದ ಗುಡಿಸಲು, ಹದಿನಾಲ್ಕರ ಹುಡುಗಿ. ನಾನು ಕೇಳಲೇ ಇಲ್ಲ. ಅದು ಮುಗಿದ ಕಾಲದ ಮಾತು ಎಂದುಕೊಳ್ಳಬೇಡಿ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಊರಾಚೆಯ ಗುಡಿಸಲಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಪತ್ರಿಕೆಗಳೆಲ್ಲ ಬರೆದವು. ಈ ಕಟ್ಟಳೆಯನ್ನು ಮುರಿಯಲು ಹಟ್ಟಿಗಳ ಹೆಣ್ಣುಮಕ್ಕಳೇ, ಆಶಾ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಮಾತಾಡುತ್ತಿದ್ದಾರೆ, ಅವರ ಧೈರ್ಯ ದೊಡ್ಡದು. ನನ್ನ ಮಾತು ಒಂದು ಜನದ ಬಗ್ಗೆ ಅಲ್ಲ. ಹೆಣ್ಣನ್ನು ಹೊರಗೆ ನಿಲ್ಲಿಸಿ ಕದ ಹಾಕಿಕೊಳ್ಳುವುದನ್ನು ಎಲ್ಲ ಜಾತಿಯವರೂ ಒಂದೊಂದು ಬಗೆಯಲ್ಲಿ ಮಾಡಿದ್ದೇವೆ. ನೀವು ಕದ ತಟ್ಟುವವಳ ಚಿತ್ರ ಬರೆದಾಗ ಅವಳ ಬಾಯಲ್ಲಿ ಕೋರೆಹಲ್ಲು ಇಟ್ಟಿದ್ದಿರಿ. ನನಗೆ ಆ ಹುಡುಗಿಯ ಮುಖ ನೆನಪಾಯಿತು.

ಇನ್ನು ಕೋಟೆಯ ರಾಣಿ. ಆ ದೆವ್ವ ಯಾರೆಂದು ಕೇಳಿದಾಗ ನಿಮಗೆ ಹೆಸರು ಗೊತ್ತಿರಲಿಲ್ಲ. "ಯಾರೋ ರಾಣಿಯನ್ನ ಇಲ್ಲಿ ಕೂಡಿಹಾಕಿದ್ರಂತೆ" ಎಂದಿರಿ. ಹೆಸರು ವೀರಮ್ಮಾಜಿ. ಕೆಳದಿಯ ಕೊನೆಯ ರಾಣಿ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಅವಳನ್ನೂ ದತ್ತುಮಗನನ್ನೂ ಮಲೆನಾಡಿನಿಂದ ತಂದು ಈ ಬಂಡೆಯ ಮೇಲೆ ಸೆರೆಯಿಟ್ಟ. ಮಳೆ, ಅಡಿಕೆ, ಹಸಿರು ಬಿಟ್ಟರೆ ಬೇರೆ ಕಾಣದ ಊರಿನವಳಿಗೆ ಈ ಬೋಳುಬಂಡೆ, ಬಿಸಿಲು, ಮೇಲಿನ ದೊಣೆಗಳ ನೀರು. ನಾಲ್ಕು ವರ್ಷ. 1767ರಲ್ಲಿ ಪೇಶ್ವೆ ಮಾಧವರಾವ್ ಕೋಟೆ ಗೆದ್ದು ಬಿಡಿಸಿದ. ಪುಣೆಗೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡಳು. ನೋಡಿ, ಅವಳು ಇಲ್ಲಿ ಸತ್ತವಳೇ ಅಲ್ಲ. ಇಲ್ಲಿ ಬದುಕಿದ್ದವಳು. ನಾಲ್ಕು ವರ್ಷ ಇಲ್ಲಿ ಹೆದರಿದ್ದು ಅವಳು, ಹೆದರಿಸಿದವಳಲ್ಲ.

ಕೆದರಿದ ಉದ್ದ ಕೂದಲು ಕಂಡರೆ ದೆವ್ವ ಎನ್ನುವ ಅಭ್ಯಾಸವೂ ಹಾಗೆಯೇ. ನಮ್ಮ ತಾಲ್ಲೂಕಿನ ಮಿಡಿಗೇಶಿಗೆ ಆ ಹೆಸರು ಬಂದದ್ದು ಹಿಮ್ಮಡಿ ಮುಟ್ಟುವ ಕೂದಲಿದ್ದ ಹೆಣ್ಣುಮಗಳಿಂದ ಎಂದು ಊರವರು ಕಥೆ ಹೇಳುತ್ತಾರೆ. ಅವಳ ಕೂದಲಿನಿಂದ ಒಂದು ಊರಿಗೇ ಹೆಸರಾಯಿತು.

ಹಾಗಾದರೆ ಭಯ ಎಲ್ಲಿಂದ ತರುವುದು? ನಿಮ್ಮ ಆಟವೇ ದಾರಿ ತೋರಿಸಿದೆ. ವಾರ್ಡನ್ ಎಂಬ ದೈತ್ಯನನ್ನು 2022ರಲ್ಲಿ ತಂದರಲ್ಲ, ಅದರ ಹೆಸರಿನ ಅರ್ಥವೇ ಸೆರೆಮನೆಯ ಕಾವಲುಗಾರ ಎಂದಾಗುತ್ತದೆ. ಕಣ್ಣಿಲ್ಲ, ಕಿವಿ ಮೂಗು ಮಾತ್ರ. ಕಾಲಸಪ್ಪಳ ಹಿಡಿದು ಬರುತ್ತದೆ. ಹೊಡೆದು ಗೆಲ್ಲುವುದು ದಡ್ಡತನ, ಬಗ್ಗಿ ಸದ್ದಿಲ್ಲದೆ ಹೋಗಬೇಕು. ಉಣ್ಣೆಯ ಬ್ಲಾಕ್ ಹಾಸಿ ನಡೆದರೆ ಅದಕ್ಕೆ ಹೆಜ್ಜೆ ಕೇಳಿಸುವುದಿಲ್ಲ. ನಮ್ಮ ಶಿರಾ, ಪಾವಗಡದ ಕಡೆಯ ಕರಿಕಂಬಳಿ ನೆನಪಾಗಲಿಲ್ಲವೇ ನಿಮಗೆ? ಆಡುವವನನ್ನೇ ಆ ಸೆರೆಯಾಳಿನ ಜಾಗದಲ್ಲಿ ನಿಲ್ಲಿಸಿ. ದತ್ತುಮಗನ ಕೈ ಹಿಡಿದು, ಕಂಬಳಿ ಹಾಸಿಕೊಂಡು, ಬಾಗಿಲಿಂದ ಬಾಗಿಲಿಗೆ ಇಳಿಯಬೇಕು. ಮೇಲೆಲ್ಲೋ ಕಾವಲುಗಾರನ ಉಸಿರು. ದೆವ್ವ ಒಂದೂ ಬೇಡ. ಕೂದಲು ನಿಮಿರದಿದ್ದರೆ ನನ್ನನ್ನು ಕೇಳಿ.

ಕಟ್ಟುವ ಮುಂಚೆ ಬೆಟ್ಟ ಹತ್ತಿ ಅಳೆಯಿರಿ. ಹಗಲಲ್ಲಿ. ಬೆಳಗ್ಗೆ ಬೇಗ ಹೊರಟು ಬಿಸಿಲೇರುವ ಮುಂಚೆ ಇಳಿದುಬಿಡಿ. ಜೇನುಗೂಡು ಕಂಡಲ್ಲಿ ಸದ್ದು, ಹೊಗೆ, ಸೆಂಟು ಯಾವುದೂ ಬೇಡ. ಮಳೆಯಲ್ಲಿ ನುಣುಪು ಬಂಡೆಯ ಮೇಲೆ ಕಾಲು ನಿಲ್ಲುವುದಿಲ್ಲ. ಸಂಜೆಯಾದ ಮೇಲೆ ಚಿರತೆ, ಕರಡಿಯ ಕಡೆ ಹೋಗಿ ಧೈರ್ಯ ತೋರಿಸುವುದು ಧೈರ್ಯವಲ್ಲ. ಕೋಟೆ ಸಂರಕ್ಷಿತ ಸ್ಮಾರಕ, ಒಂದು ಕಲ್ಲನ್ನೂ ಅಲುಗಾಡಿಸಬಾರದು. ಮೊದಲು ಮಣ್ಣಿನ ಕೋಟೆ ಕಟ್ಟಿಸಿದ ಪಾಳೆಯಗಾರರ ಕಾಲದಿಂದ ಹೈದರನ ಕಲ್ಲುಕಟ್ಟಡದವರೆಗೆ ಎಷ್ಟು ಕೈ ದುಡಿದಿವೆ ಎನ್ನುವುದು ಒಂದೊಂದು ಬಾಗಿಲಲ್ಲೂ ಕಾಣುತ್ತದೆ. ಬಾಗಿಲ ಎತ್ತರ, ಮೆಟ್ಟಿಲ ಸಂಖ್ಯೆ, ದೊಣೆಯ ಅಗಲ ಬರೆದುಕೊಳ್ಳಿ. ಒಂದು ಬ್ಲಾಕ್ ಒಂದು ಮೀಟರು, ಲೆಕ್ಕ ಸುಲಭ.

ಸದ್ದನ್ನೂ ಇಲ್ಲಿಂದಲೇ ತನ್ನಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಗೂಡು ಕಟ್ಟುವ ಕಾಲಕ್ಕೆ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆಗಳು. ದೊಡ್ಡ ಹಕ್ಕಿಗಳಿಗೆ ಕೂಗೇ ಇಲ್ಲವೆನ್ನಬಹುದು, ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಎನ್ನಿಸುತ್ತವೆ. ಮರಿಗಳು ಗೊಗ್ಗರು ದನಿಯಲ್ಲಿ ಅರಚುತ್ತವೆ. ಮರದ ಕೆಳಗೆ ಕತ್ತಲಲ್ಲಿ ಕೂತು ಕೇಳಿದರೆ ಹುಣಸೆಮರದ ದೆವ್ವದ ಕಥೆಗಳೆಲ್ಲ ಎಲ್ಲಿಂದ ಬಂದವು ಎಂದು ಅರ್ಥವಾಗುತ್ತದೆ. ಊರಿನವರು ಆ ಹಕ್ಕಿಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಅವರನ್ನು ಕೇಳಿ, ದೂರ ನಿಂತು, ಬೆಳಕು ಹಾಕದೆ ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಆಟಕ್ಕೆ ಹಾಕುವಾಗ ಧ್ವನಿಯನ್ನು ಮೊನೋ ಮಾಡಬೇಕಂತೆ, ಸ್ಟೀರಿಯೋ ಆದರೆ ದೂರ ಹತ್ತಿರದ ವ್ಯತ್ಯಾಸ ಕೇಳುವುದಿಲ್ಲವಂತೆ. ಇದನ್ನು ನಿಮ್ಮಲ್ಲಿ ಚಿಕ್ಕವನೇ ನನಗೆ ಕಲಿಸಿದ್ದು. ಕಲಿಸುವಾಗ ಅವನ ಮುಖ ಹೇಗೆ ಅರಳಿತ್ತು ಎಂದು ಅವನಿಗೆ ಗೊತ್ತಿಲ್ಲ.

ಕನ್ನಡದಲ್ಲಿ ಮಾಡಿ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಕೂತು ಅನುವಾದ ಮಾಡಿದ್ದಾರೆ. ನಿಮ್ಮ ಪ್ಯಾಕಿಗೂ ಒಂದು ಕನ್ನಡ ಭಾಷಾಕಡತ ಸೇರಿಸಲು ಬೇಕಾದದ್ದು ಪದಗಳ ಒಂದು ಪಟ್ಟಿ ಮಾತ್ರ. ಟಾರ್ಚಿಗೆ ಕೊಳ್ಳಿ ಎನ್ನಿ, ಪಂಜು ಎನ್ನಿ. ನೀರಿನ ಗುಂಡಿಗೆ ದೊಣೆ. ಕುರಿ ಕೂಡುವ ಜಾಗಕ್ಕೆ ರೊಪ್ಪ. ಪದ ಗೊತ್ತಿಲ್ಲದಿದ್ದರೆ ಕೊರಟಗೆರೆಯ ನಿಮ್ಮ ಅಜ್ಜಿಗೆ ಫೋನು ಮಾಡಿ. ಅವಳಿಗೂ ಮಾತಾಡಲು ಜನ ಬೇಕು.

ಒಂದು ಎಚ್ಚರಿಕೆ, ಇದು ಕಟ್ಟುನಿಟ್ಟು. 2023ರ ಜೂನಿನಲ್ಲಿ ಫ್ರಾಕ್ಚರೈಸರ್ ಎಂಬ ಕಳ್ಳ ತಂತ್ರಾಂಶ ಮಾಡ್‌ಗಳೊಳಗೆ ಅಡಗಿ ಬಂತು. ಯಾವುದೋ ಮೂಲೆಯ ತಾಣದಲ್ಲಿ ಅಲ್ಲ, ಎಲ್ಲರೂ ನಂಬುವ ಕರ್ಸ್‌ಫೋರ್ಜ್‌ನಲ್ಲೇ, ಕೆಲವರ ಖಾತೆಗಳು ಕಳ್ಳರ ಕೈಗೆ ಹೋಗಿ. ಬ್ರೌಸರಿನಲ್ಲಿ ಉಳಿಸಿಟ್ಟ ಲಾಗಿನ್‌ಗಳನ್ನು ಕದಿಯುತ್ತಿತ್ತು, ಕಂಪ್ಯೂಟರಿನಲ್ಲಿದ್ದ ಬೇರೆ ಮಾಡ್ ಕಡತಗಳಿಗೂ ಅಂಟಿಕೊಳ್ಳುತ್ತಿತ್ತು. ನೀವು ಆಡುವ ಕಂಪ್ಯೂಟರಿನಲ್ಲೇ ನಿಮ್ಮಪ್ಪನ ಅಂಗಡಿಯ ಜಿಎಸ್‌ಟಿ ಲೆಕ್ಕ, ಬ್ಯಾಂಕಿನ ವ್ಯವಹಾರ ಇದೆ. ಗೆಳೆಯ ಕಳಿಸಿದ ಕೊಂಡಿ, ವಿಡಿಯೋ ಕೆಳಗೆ ಕೊಟ್ಟ ಕೊಂಡಿ ಯಾವುದರಿಂದಲೂ ಮಾಡ್ ಇಳಿಸಿಕೊಳ್ಳಬೇಡಿ. ಬೆಳಗ್ಗೆ ಬಂದ ಹೊಸ ಮಾಡನ್ನು ಸಂಜೆಯೇ ಹಾಕಬೇಕಿಲ್ಲ, ಒಂದೆರಡು ವಾರ ತಡೆಯಿರಿ. ಅಪ್ಪನ ಕೆಲಸಕ್ಕೆ ಬೇರೆ ಖಾತೆ, ಆಟಕ್ಕೆ ಬೇರೆ ಖಾತೆ ಮಾಡಿ. ಹೊರಗಿನವರನ್ನು ಆಟಕ್ಕೆ ಸೇರಿಸುವ ಮುಂಚೆ ನಮಗೆ ಹೇಳಿ. ದನಿ ಕೇ​ಳಿ ಕದ ತೆರೆಯಬಾರದು ಎಂಬ ಮಾತು ಇಲ್ಲಿ ಮಾತ್ರ ಅಕ್ಷರಶಃ ನಿಜ.

ಮತ್ತೆ ನಿದ್ದೆ. ಆಟದೊಳಗಿನ ಮನುಷ್ಯ ಮೂರು ದಿನ ಮಲಗದಿದ್ದರೆ ಫ್ಯಾಂಟಮ್‌ಗಳು ಆಕಾಶದಿಂದ ಎರಗುತ್ತವೆ. ಆಟ ಬರೆದವನಿಗೇ ನಿದ್ದೆಯ ಬೆಲೆ ಗೊತ್ತಿದೆ. ರಾತ್ರಿ ಹತ್ತಕ್ಕೆ ಕಂಪ್ಯೂಟರು ಆರಬೇಕು. ಪರೀಕ್ಷೆ ಇರಲಿ ಬಿಡಲಿ. ಚಿಕ್ಕವನು ಮೂರು ದಿನದಿಂದ ಬಚ್ಚಲಿಗೆ ಒಬ್ಬನೇ ಹೋಗುತ್ತಿಲ್ಲ, ಅವನು ನಿಮಗೆ ಹೇಳಿಲ್ಲ. ಅವನಿರುವಾಗ ಆ ಗುಹೆಯ ಪ್ಯಾಕ್ ಆಡಬೇಡಿ. ಅವನಿಗೆ ಕಟ್ಟುವ ಕೆಲಸ ಕೊಡಿ, ಕಟ್ಟುವವನಿಗೆ ಭಯ ಕಡಿಮೆ.

ಭಾನುವಾರ ಐದೂವರೆಗೆ ಹೊರಡೋಣ. ನನ್ನ ಮಂಡಿ ಬೆಟ್ಟ ಹತ್ತುವುದಿಲ್ಲ, ಕೆಳಗೆ ವೆಂಕಟರಮಣನ ಗುಡಿ ಹತ್ತಿರ ಕೂತಿರುತ್ತೇನೆ. ಅಳತೆ ಟೇಪು ಬೀರುವಿನ ಮೇಲಿದೆ, ನೀರು ತಲಾ ಎರಡು ಬಾಟಲಿ. ಇಳಿದು ಬಂದ ಮೇಲೆ ನೀವು ಉತ್ತರ ಬರೆಯಬೇಕಾದದ್ದು ಒಂದಿದೆ. ನಿಮ್ಮ ಹಾಳೆಯಲ್ಲಿ "ನಾಳೆ ಬಾ" ಎಂದು ಬರೆದರೆ ಏನಾಗುತ್ತದೆ ಎಂದಿದೆ, ಬರೆಯದಿದ್ದರೆ ಏನಾಗುತ್ತದೆ ಎಂದೂ ಇದೆ. ಆಡುವವನು ಫಲಕ ಕಿತ್ತು, ಕದ ತೆಗೆದು, ಕೊಳ್ಳಿ ಎತ್ತಿ ಹಿಡಿದು "ಒಳಗೆ ಬಾರಮ್ಮ" ಎಂದರೆ ಅವಳು ಏನು ಮಾಡುತ್ತಾಳೆ? ಆ ಸಾಲು ಖಾಲಿ ಇದೆ. ಹುಡುಗಿ ಬರೆಯಲಿ, ನೀವಿಬ್ಬರು ಅವಳು ಬರೆದದ್ದನ್ನು ಕಟ್ಟಿ.